ನಿಲಂಗಾದ ಮಿಸ್ತ್ರಿ ಮತ್ತು ಏಳು ಸೆಕೆಂಡು

ಗಾಡಿ ಕೆಟ್ಟು ನಿಂತಿದೆ ಎಂದು ಯಾರೇ ಹೋದರೂ ನಿಲಂಗಾದ ಆ ಮಿಸ್ತ್ರಿ ಬಾನೆಟ್ಟಿಗೆ ಕೈ ಹಚ್ಚುತ್ತಿರಲಿಲ್ಲ. ಮೊದಲು ಬಂದವರನ್ನು ಬೆಂಚಿನ ಮೇಲೆ ಕೂಡಿಸುವುದು, ಚಹಾಕ್ಕೆ ಹೇಳುವುದು, ಆಮೇಲೆ ಒಂದೇ ಪ್ರಶ್ನೆ: “ಕಡೀಕ ಕೈ ಹಾಕಿದವರು ಯಾರು?” ಯಾರೂ ಇಲ್ಲ ಎಂದರೆ ಅವರಿಗೆ ನಗು. “ವೈರ್ ತಾನಾಗೇ ಕೆಡಂಗಿಲ್ರೀ. ಯಾರೋ ಉಪಕಾರ ಮಾಡಿರತಾರ.”

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಕಿವಿಗೆ ಮೊದಲು ಕೇಳಿಸಿದ್ದು ಆ ಮಾತೇ. ನಾನು ಉದಗೀರದ ಕಾಲೇಜಿನಲ್ಲಿ ಜೀವಮಾನವಿಡೀ ಫಿಜಿಕ್ಸ್ ಕಲಿಸಿದವನು. ಕರೆಂಟಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಪುಸ್ತಕದಲ್ಲಿದೆ, ಅವರಿಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅವರು ಬದುಕಿದ್ದಾಗ ಇದನ್ನು ಬಾಯಿಬಿಟ್ಟು ಹೇಳಿದ್ದರೆ ನನ್ನ ತಲೆಯ ಮೇಲೆ ಕೂಡುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಈಗ ಹೇಳುವುದಕ್ಕೆ ಅಡ್ಡಿಯಿಲ್ಲ.

ಬಸ್ ನಿಲ್ದಾಣದ ಎದುರು ಅವರ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ. ಆ ಸಾಲಿನ ಉಳಿದ ಮಿಸ್ತ್ರಿಗಳೆಲ್ಲ ಎಣ್ಣೆ ಮಸಿಯಲ್ಲಿ ಅದ್ದಿ ತೆಗೆದಂತೆ ಇರುತ್ತಿದ್ದರೆ ಇವರದು ಬಿಳಿ ಅಂಗಿ, ಬಿಳಿ ಪೈಜಾಮ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಸಂಜೆಗೂ ಬೆಳಗಿನ ಹಾಗೇ ಇರುತ್ತಿದ್ದರು. ಮಸಿ ಹತ್ತಿದರೆ ಕೆಲಸ ಬರುವುದಿಲ್ಲವೆಂದು ಅರ್ಥ, ಹುಡುಕುವ ಜಾಗ ಗೊತ್ತಿದ್ದವನು ಎಲ್ಲ ಕಡೆ ಯಾಕೆ ಮೈ ತಿಕ್ಕಬೇಕು ಎಂದು ಪಕ್ಕದ ಅಂಗಡಿಯವರಿಗೆ ಕೇಳಿಸುವಂತೆಯೇ ಹೇಳುವವರು. ಸೊಕ್ಕಿತ್ತೇ ಎಂದು ಕೇಳಿದರೆ, ಇತ್ತು. ಆದರೆ ಬಂಗಾರ ಇದ್ದವರು ಹಾಕಿಕೊಂಡರೆ ಯಾರೇನು ಅನ್ನಲಾದೀತು?

ಅವರ ಮನೆತನ ದೇವಣಿ ಕಡೆಯ ಒಕ್ಕಲುತನದವರದು. ತಂದೆ ದೇವಣಿ ಎತ್ತು ಸಾಕುವುದರಲ್ಲಿ ಹೆಸರಾದವರು. ಎತ್ತು ಕುಂಟಿದರೆ ಮೊದಲು ಕಾಲು ನೋಡಬೇಡ, ನೊಗ ನೋಡು ಎಂದು ತಂದೆ ಹೇಳುತ್ತಿದ್ದರಂತೆ. ವೈರಿಂಗ್ ಕಲಿತದ್ದು ಅಲ್ಲಿಂದಲೇ ಎನ್ನುವುದು ಇವರ ವಾದ. ಅವರ ಕೈಚೀಲದಲ್ಲಿ ಇರುತ್ತಿದ್ದುದು ಒಂದು ಇಕ್ಕಳ, ಒಂದು ಬ್ಲೇಡು, ಮತ್ತು ಎರಡು ವೈರು ಕಟ್ಟಿದ ಒಂದು ಬಲ್ಬು. ಆ ಬಲ್ಬಿನ ಒಂದು ವೈರು ಇಲ್ಲಿ, ಇನ್ನೊಂದು ಅಲ್ಲಿ ಮುಟ್ಟಿಸಿ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಹೇಳಿಬಿಡುತ್ತಿದ್ದರು. ನಾನೊಮ್ಮೆ ಕಾಲೇಜಿನ ಮೀಟರು ಒಯ್ದು ತೋರಿಸಿದೆ. ಅದನ್ನು ಹಿಂದೆ ಮುಂದೆ ತಿರುವಿ ನೋಡಿ ವಾಪಸ್ ಕೊಟ್ಟರು. “ಮೀಟರ್ ನಂಬರ್ ಹೇಳತದ ಮಾಸ್ತರ್ರೆ, ಬಲ್ಬ್ ಖರೇ ಹೇಳತದ.” ಎಳೆಯೊಂದರಲ್ಲೇ ಜೋತುಬಿದ್ದ ವೈರೂ ಮೀಟರಿನಲ್ಲಿ ಪೂರ್ತಿ ವೋಲ್ಟು ತೋರಿಸುತ್ತದೆ, ಆದರೆ ಬಲ್ಬು ಹತ್ತುವುದಿಲ್ಲ. ಇದು ನಾನು ಹುಡುಗರಿಗೆ ಕಲಿಸುವ ಪಾಠವೇ. ಅವರ ಬಾಯಲ್ಲಿ ಕೇಳಿ ಸಿಟ್ಟು ಬಂತು. ಮಾಸ್ತರ್ ಅಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ನಾನು ಪ್ರೊಫೆಸರ್ ಎಂದು ಎಷ್ಟು ಸಲ ಹೇಳಿದರೂ ಅವರು ಕಡೆತನಕ ಮಾಸ್ತರ್ರೆ ಎಂದೇ ಕರೆದರು.

ತೊಂಬತ್ತಮೂರರ ಭೂಕಂಪದ ಮರುವರ್ಷ ನಿಲಂಗಾ, ಉಮರ್ಗಾ ಸುತ್ತಲಿನ ಎಷ್ಟೋ ಹಳ್ಳಿಯವರು ತಗಡಿನ ಶೆಡ್ಡುಗಳಲ್ಲಿದ್ದರು. ಒಂದು ಹರಿದ ವೈರು ತಗಡಿಗೆ ತಾಗಿದರೆ ಮನೆಗೆ ಮನೆಯೇ ಶಾಕು. ಯಾರೂ ಕರೆಯದಿದ್ದರೂ ಮಿಸ್ತ್ರಿ ಅಂಗಡಿ ಮುಚ್ಚಿದ ದಿನ ಅಲ್ಲಿಗೆ ಹೋಗಿ, ಶೆಡ್ಡಿಗೊಂದು ಕುಣಿ ತೋಡಿ, ಉಪ್ಪು ಇದ್ದಲಿ ತುಂಬಿ, ಶಾಕು ನೆಲಕ್ಕಿಳಿಯಲೆಂದು ಅರ್ಥಿಂಗ್ ಹೂಳಿ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮಗನನ್ನು ಕಳಕೊಂಡ ಒಬ್ಬ ಮುದುಕರು ಕುಣಿಗೆ ಅಡ್ಡ ನಿಂತು, ನಮ್ಮ ಮಂದಿಯನ್ನು ನುಂಗಿದ ಈ ಭೂಮಿಯನ್ನು ನಂಬಿ ನಾನು ಮನೆಯೊಳಗೆ ಮಲಗಬೇಕೇನು ಎಂದರು. ಮಿಸ್ತ್ರಿ ಗುದ್ದಲಿ ಕೆಳಗಿಡಲಿಲ್ಲ. “ಒಮ್ಮಿ ನಡುಗ್ತು ಅಂತ ಅದರ ಮ್ಯಾಲ ಕಾಲಿಡೋದು ಬಿಟ್ಟೀರೇನ್ರಿ ಯಜಮಾನ್ರೆ?” ನನಗೆ ಆಗ ಇದು ನಿಷ್ಠುರವಾಗಿ ಕಂಡಿತು. ಮುದುಕರು ಮಾತ್ರ ಬದಿಗೆ ಸರಿದು, ತಾವೇ ಇದ್ದಲಿಯ ಬುಟ್ಟಿ ಎತ್ತಿಕೊಟ್ಟರು.

ಇಷ್ಟು ಹೇಳಿದ ಮೇಲೆ ನಮ್ಮ ದೊಡ್ಡವ್ವನ ಕಾರಿನ ಸಂಗತಿಗೆ ಬರಬೇಕು. ಮಿಸ್ತ್ರಿಯ ಪೂರ್ತಿ ಎತ್ತರ ನನಗೆ ಕಂಡದ್ದು ಅಲ್ಲೇ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಉದಗೀರದ ಮೋಂಢಾ ಪೇಟೆಯಲ್ಲಿ ಕಾಳಿನ ವ್ಯಾಪಾರಿ. ಖರ್ಚಿನಲ್ಲಿ ಬಿಗಿಯಾದ ಮನುಷ್ಯ, ಒಂದೇ ಒಂದು ಹುಚ್ಚು ಮಾಡಿದ್ದರು: ಹೈದರಾಬಾದಿನ ಒಬ್ಬ ಜಹಗೀರದಾರರ ಮನೆಯಿಂದ ಅಮೆರಿಕದ ಒಂದು ಹಳೆಯ ಕಾರು ತಂದಿದ್ದರು. ನಮ್ಮ ಓಣಿಯಲ್ಲಿ ಅದು ತಿರುಗಬೇಕಾದರೆ ಎರಡು ಮನೆಯ ಕಟ್ಟೆಯವರು ಕಾಲು ಮೇಲೆ ತೆಗೆದುಕೊಳ್ಳಬೇಕಿತ್ತು. ಆ ಕಾರಿಗೆ ಸ್ಪ್ರಿಂಗುಗಳಿರಲಿಲ್ಲ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಉದ್ದ ಉಕ್ಕಿನ ಸರಳುಗಳಿದ್ದವು. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಹಿಂಬದಿ ತಗ್ಗುತ್ತಿತ್ತು, ಏಳು ಸೆಕೆಂಡು ಸುಮ್ಮನಿರುತ್ತಿತ್ತು, ಆಮೇಲೆ ಅಡಿಯಲ್ಲೊಂದು ಮೋಟರು ಗುಂಯ್ ಎಂದು ಸರಳುಗಳನ್ನು ತಿರುವಿ ಕಾರನ್ನು ಮೊದಲಿನ ಎತ್ತರಕ್ಕೆ ತರುತ್ತಿತ್ತು. ಯಾವ ತಗ್ಗಿನಲ್ಲಿ ಇಳಿದರೂ ಒಳಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ.

ಭೂಕಂಪದ ಹೊತ್ತಿಗೆ ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಉಮರ್ಗಾ ದಾರಿಯಲ್ಲಿರುವ ಆಕೆಯ ತವರಿಗೆ ಹೋಗಿದ್ದರು. ಗೋಡೆ ಬಿದ್ದು ದೊಡ್ಡಪ್ಪ ಹೋದರು. ಕಾರಿನ ಡ್ರೈವರ್ ಕಲ್ಲು ಮಣ್ಣು ಸರಿಸಿ ದೊಡ್ಡವ್ವನನ್ನು ಎತ್ತಿ ಹೊರಗೆ ತಂದ. ಆಕೆಯ ಬೆನ್ನೆಲುಬು ಮುರಿದಿತ್ತು. ಆಕೆ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಾಗ ಇತ್ತ ಗಂಡನಿಗೆ ಮಣ್ಣು ಕೊಟ್ಟದ್ದಾಯಿತು, ತವರಿನ ಹೊಲದಲ್ಲೇ. ಎದ್ದು ನಡೆಯುವಂತಾದ ಮೇಲೂ ಡಾಕ್ಟರು ಕುಲುಕಾಟ ಆಗಕೂಡದು ಎಂದಿದ್ದರು. ಒಮ್ಮೆ ಹಟ ಮಾಡಿ ಜೀಪಿನಲ್ಲಿ ಹೊರಟವಳು ದೇವಣಿ ದಾಟುವುದರೊಳಗೆ ನೋವು ತಾಳದೆ ವಾಪಸ್ ಬಂದಳು. ದೊಡ್ಡಪ್ಪ ಹೋಗಿ ಆರು ವರ್ಷವಾಗಿತ್ತು. ನಾನು ಹೋದಾಗೆಲ್ಲ ಕೇಳುತ್ತಿದ್ದುದು ಒಂದೇ. “ನಾ ಸಾಯೂದ್ರಾಗ ಒಮ್ಮಿ ಅವರ ಮಣ್ಣ ನೋಡಿ ಬರಬೇಕಪಾ.”

ಆ ಕಾರೊಂದೇ ಆಕೆಯನ್ನು ಒಯ್ಯಬಲ್ಲದಾಗಿತ್ತು, ಆದರೆ ಕಾರು ಏಳುತ್ತಿರಲಿಲ್ಲ. ಹಿಂದೆ ಕೂತರೆ ತಗ್ಗಿ ಹಾಗೇ ನಿಂತು, ಪ್ರತಿ ತಗ್ಗೂ ನೇರ ಬೆನ್ನಿಗೆ ಬಡಿಯುತ್ತಿತ್ತು. ಉಮರ್ಗಾದ ಹೆದ್ದಾರಿ ಬದಿಯ ಒಬ್ಬ ರಿಪೇರಿಯವನು ಬಂದು ನೋಡಿ, ಈ ಸರಳುಗಳನ್ನು ಕತ್ತರಿಸಿ ಲಾರಿಯ ಸ್ಪ್ರಿಂಗು ಹಾಕೋಣ ಎಂದ. ದೊಡ್ಡವ್ವನ ಮಗ ಒಪ್ಪಿಬಿಟ್ಟಿದ್ದ. ಹಾಗೆ ಮಾಡಿದ್ದರೆ ಕಾರು ಓಡುತ್ತಿತ್ತು, ದೊಡ್ಡವ್ವ ಮಾತ್ರ ಎಂದೂ ಅದರಲ್ಲಿ ಕೂಡುವಂತಿರಲಿಲ್ಲ. ಎಂಟು ದಿನ ತಡೆ ಎಂದು ಅವನಿಗೆ ಹೇಳಿ ನಾನು ನಿಲಂಗಾಕ್ಕೆ ಹೋದೆ.

ಮಿಸ್ತ್ರಿ ಕೈಚೀಲ ಹಿಡಿದು ಮರುದಿನದ ಮೊದಲ ಬಸ್ಸಿಗೇ ಬಂದರು. ಚಹಾ ಕುಡಿದು ತಮ್ಮ ಪ್ರಶ್ನೆ ಕೇಳಿದರು. ತನ್ನನ್ನು ಬಿಟ್ಟು ಯಾರೂ ಈ ಕಾರು ಮುಟ್ಟಿಲ್ಲ ಎಂದು ಡ್ರೈವರ್ ಎದೆ ತಟ್ಟಿ ಹೇಳಿದ. ಅವನು ಉಮರ್ಗಾ ಕಡೆಯವನು, ಮನೆಯಲ್ಲಿ ಮರಾಠಿ, ಕನ್ನಡ ಕಲಿತದ್ದು ನಮ್ಮ ದೊಡ್ಡಪ್ಪನ ಸಂಗಡ ತಿರುಗುತ್ತ. ದೊಡ್ಡವ್ವನನ್ನು ಆಯಿ ಎನ್ನುತ್ತಿದ್ದ. ಮಿಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದು, ಇದು ಅರ್ಥಿಂಗ್ ಹೋಗಿರುವುದು, ಒಂದು ತಾಸಿನ ಕೆಲಸ ಎಂದು ಓಣಿಯ ಮಂದಿಯ ಎದುರಿಗೇ ಘೋಷಿಸಿದರು. ಕಾರಣವೂ ಇತ್ತು. ದೊಡ್ಡಪ್ಪನ ಕಾರೆಂಬ ಭಕ್ತಿಯಿಂದ ಮನೆಯವರು ಅಡಿಯ ಚಾಸಿಗೂ ದಪ್ಪಗೆ ಬಣ್ಣ ಬಳಿಸಿದ್ದರು, ಬಣ್ಣದ ಮೇಲೆ ಕೂತ ವೈರಿಗೆ ಅರ್ಥ್ ಸಿಗುವುದಿಲ್ಲ. ಎಲ್ಲ ಕೆರೆದು, ಉಜ್ಜಿ, ಬಿಗಿದರು. ಮೂವರನ್ನು ಹಿಂದೆ ಕೂಡಿಸಿದರು. ಏಳು ಸೆಕೆಂಡಾಯಿತು, ಎಪ್ಪತ್ತಾಯಿತು. ಕಾರು ತಗ್ಗಿದ್ದು ತಗ್ಗಿದ ಹಾಗೇ ಇತ್ತು.

ಓಣಿಯ ಮಂದಿ ಬಾಯಿ ಮುಚ್ಚಿ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಮಿಸ್ತ್ರಿ ಘೋಷಿಸಿದ ದನಿಯಲ್ಲೇ ಹೇಳಿದರು: “ನಾ ತಪ್ಪಿದೆ. ಇನ್ನ ಖರೇ ಕೆಲಸ ಸುರು.” ತಪ್ಪನ್ನು ಅಷ್ಟು ಗಟ್ಟಿ ದನಿಯಲ್ಲಿ ಒಪ್ಪಿಕೊಂಡ ಇನ್ನೊಬ್ಬನನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಕಂಡಿಲ್ಲ.

ಮರುದಿನ ಅವರು ಒಂದೊಂದನ್ನೇ ಬೇರೆ ಮಾಡಿ ನೋಡಿದರು. ಬ್ಯಾಟರಿಯಿಂದ ನೇರ ವೈರು ಕೊಟ್ಟರೆ ಮೋಟರು ತಿರುಗಿತು, ಕಾರು ಎದ್ದಿತು. ಅಂದರೆ ಮೋಟರು ಜೀವಂತವಾಗಿದೆ. ಭಾರ ಬಿದ್ದದ್ದನ್ನು ತಿಳಿಯುವ ಸ್ವಿಚ್ಚಿನ ಡಬ್ಬಿ ತೆಗೆದರು, ಅದೂ ಸರಿ ಇತ್ತು. ಏಳು ಸೆಕೆಂಡು ಕಾಯುವ ವ್ಯವಸ್ಥೆಯೂ ಸರಿ ಇತ್ತು. ಎಲ್ಲ ಸರಿ ಇದ್ದು ಕೆಲಸವಾಗದಿದ್ದರೆ ಏನರ್ಥ? ಅವರು ಕಟ್ಟೆಯ ಮೇಲೆ ಕೂತು ಅಂದರು: “ಇದು ಕೆಟ್ಟಿಲ್ರೀ ಮಾಸ್ತರ್ರೆ. ಇದಕ ಯಾರೋ ಬ್ಯಾಡ ಅನ್ನಲಿಕ್ಕತ್ಯಾರ.”

ಆಗ ನನ್ನ ವಿದ್ಯೆ ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಕಾರಿನ ಜೊತೆ ಬಂದಿದ್ದ ಹಳೆಯ ಪುಸ್ತಕದ ನಕ್ಷೆ ನೋಡುತ್ತಿದ್ದೆ. ಬ್ರೇಕ್ ಒತ್ತಿದಾಗ ಕಾರಿನ ಮೂಗು ಬಾಗುತ್ತದೆ, ಅದನ್ನು ಭಾರವೆಂದು ತಿಳಿದು ಮೋಟರು ತಿರುಗಬಾರದು, ಅದಕ್ಕೆ ಬ್ರೇಕ್ ಲೈಟಿನ ವೈರಿನಿಂದ ಒಂದು ಟಿಸಿಲು ತೆಗೆದು ಮೋಟರನ್ನು ತಡೆದಿದ್ದರು. ಬ್ರೇಕ್ ಒತ್ತಿರುವಷ್ಟು ಹೊತ್ತು ಕಾರು ಏಳುವುದಿಲ್ಲ. ನಾನು ಓದಿ ಹೇಳುವುದರೊಳಗೆ ಮಿಸ್ತ್ರಿ ಕಾರಿನ ಹಿಂದೆ ಹೋಗಿ, ಬ್ರೇಕ್ ಒತ್ತಲು ಡ್ರೈವರನಿಗೆ ಹೇಳಿದರು. ಹಿಂದಿನ ಕೆಂಪು ದೀಪ ಹತ್ತಲಿಲ್ಲ. ಬಲ್ಬುಗಳೇ ಇರಲಿಲ್ಲ. ತಾನೇ ತೆಗೆದೆನೆಂದು ಡ್ರೈವರ್ ಹೇಳಿದ.

“ಯಾಕ ತಗದಿ?”

“ಅವು ಆರತಿದ್ದಿಲ್ರಿ. ಬ್ರೇಕ್ ಬಿಟ್ಟರೂ ಹತ್ತೇ ಇರತಿದ್ದವು. ಬ್ಯಾಟರಿ ತಿಂತಿದ್ದವು.”

ಮಿಸ್ತ್ರಿ ಮೆಲ್ಲಗೆ ಮುಂದೆ ಬಂದು ಡ್ರೈವರನ ಪಕ್ಕದ ಸೀಟಿನಲ್ಲಿ ಕೂತರು. ಎದುರಿಗೆ ದೊಡ್ಡಪ್ಪನ ಫೋಟೋ ಇತ್ತು, ಅದರ ಮುಂದೆ ಉರಿಯುವ ಒಂದು ಕೆಂಪು ಬಲ್ಬು. ನಮ್ಮ ಕಡೆ ಲಾರಿಗಳಲ್ಲಿ ದೇವರ ಫೋಟೋದ ದೀಪವನ್ನು ಬ್ರೇಕಿನ ವೈರಿಗೆ ಜೋಡಿಸಿರುತ್ತಾರೆ, ಬ್ರೇಕ್ ಒತ್ತಿದಾಗೊಮ್ಮೆ ದೇವರ ಮುಂದೆ ದೀಪ ಹತ್ತುತ್ತದೆ. ದೊಡ್ಡಪ್ಪ ಹೋದ ಮೇಲೆ ಡ್ರೈವರನೂ ಹಾಗೇ ಮಾಡಿದ್ದ. ಆಮೇಲೆ ಅದು ಸದಾ ಉರಿಯಲೆಂದು ಬ್ಯಾಟರಿಯಿಂದ ಇನ್ನೊಂದು ವೈರು ಎಳೆದಿದ್ದ, ಹಳೆಯದನ್ನು ಬಿಚ್ಚಿರಲಿಲ್ಲ. ಬ್ಯಾಟರಿಯ ಕರೆಂಟು ದೀಪ ಉರಿಸಿ, ಹಳೆಯ ವೈರಿನಲ್ಲಿ ಹಿಂದಕ್ಕೆ ಹರಿದು, ಬ್ರೇಕ್ ಒತ್ತಿದೆ ಎಂದು ಕಾರಿಗೆ ಆರು ವರ್ಷದಿಂದ ಹೇಳುತ್ತಲೇ ಇತ್ತು. ದಿನ ಬಿಟ್ಟು ದಿನ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಆ ದೀಪ ಆರದಂತೆ ಅವನು ಕಾಯ್ದುಕೊಂಡು ಬಂದಿದ್ದ.

ಮಿಸ್ತ್ರಿ ನನ್ನನ್ನು ಬಾವಿಕಟ್ಟೆಯ ಕಡೆ ಕರೆದೊಯ್ದರು. ಹಳೆಯ ವೈರೊಂದನ್ನು ಕತ್ತರಿಸಿದರೆ ಸಾಕು, ದೀಪವೂ ಉಳಿಯುತ್ತದೆ, ಕಾರೂ ಏಳುತ್ತದೆ. ಆದರೆ ಮನೆಯಲ್ಲಿ ಹೇಳುವಾಗ ವೈರು ಸವೆದಿತ್ತು ಎನ್ನೋಣ ಎಂದರು. “ಅವ್ವಾರ್ನ ಇಷ್ಟ ವರ್ಷ ತಡದಂವ ತಾನೇ ಅಂತ ಆ ಮನುಷ್ಯಾಗ ಗೊತ್ತಾಗಬಾರದ್ರಿ. ಎತ್ತಿ ತಂದಂವ ಅದಾನ.” ನಾನು ಹೂಂ ಎಂದೆ. ಹೂಂ ಎಂದವನು ಒಳಗೆ ಹೋಗಿ, ದೊಡ್ಡವ್ವ ಏನಾಯ್ತಪಾ ಎಂದು ಕೇಳಿದ್ದೇ ತಡ, ನಕ್ಷೆ ಹರವಿ ಪಾಠ ಸುರು ಮಾಡಿದೆ. ದೀಪ, ಹಳೆಯ ವೈರು, ಹಿಂದಕ್ಕೆ ಹರಿದ ಕರೆಂಟು, ಎಲ್ಲ. ತಲೆ ಎತ್ತಿದಾಗ ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮಿಸ್ತ್ರಿ. ನನಗೆ ಈಗಲೂ ನಾಚಿಕೆಯಾಗುತ್ತದೆ.

“ಗೊತ್ತಿದ್ದದ್ದೆಲ್ಲಾ ಹೇಳಲೇಬೇಕಂತ ಎಲ್ಲಿ ಬರದದ್ರಿ ಮಾಸ್ತರ್ರೆ?” ಎಂದರು ಮಿಸ್ತ್ರಿ, ದನಿ ಏರಿಸದೆ.

ಡ್ರೈವರ್ ದೊಡ್ಡವ್ವನ ಮುಂದೆ ಬಂದು ಕೂತ. “ಆಯೀ, ನೀವೇ ಹೇಳಿದ್ರಿ. ದೀಪ ದೊಡ್ಡದ ಮಾಡು ಅಂದ್ರಿ. ಅದಕ್ಕ ದೊಡ್ಡ ಬಲ್ಬ್ ಹಾಕಿ ಸೀದಾ ವೈರ್ ಎಳದೆ.”

ದೊಡ್ಡವ್ವ ಅವನನ್ನೇ ನೋಡಿದಳು. ನಮ್ಮ ಮನೆಗಳಲ್ಲಿ ಹಳೆಯ ಹೆಣ್ಣುಮಕ್ಕಳು ದೀಪ ಆರಿಸು ಎನ್ನುವುದಿಲ್ಲ, ಅಪಶಕುನ. ಆರಿಸಬೇಕಾದಾಗ ದೀಪ ದೊಡ್ಡದು ಮಾಡು ಎನ್ನುತ್ತಾರೆ. ಇದು ಅಡಿಗೆಮನೆಯ, ದೇವರಮನೆಯ ಮಾತು. ಸ್ಟೇರಿಂಗ್ ಹಿಡಿದು ಕನ್ನಡ ಕಲಿತವನಿಗೆ ಹೇಗೆ ಗೊತ್ತಿರಬೇಕು? ಆಕೆ ಆರಿಸಲು ಹೇಳಿದ್ದಳು, ಅವನು ನಿಜವಾಗಿ ದೊಡ್ಡದು ಮಾಡಿದ್ದ.

ದೊಡ್ಡವ್ವ ಮೊದಲು ನಕ್ಕಳು. ನಗುತ್ತ ನಗುತ್ತಲೇ ಕಣ್ಣಿಗೆ ಸೆರಗು ಹಚ್ಚಿದಳು. “ನಾ ಹೇಳಿದ್ದು ಆರಸು ಅಂತಪಾ,” ಎಂದಳು. ಆ ಮಾತು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. “ಲಿಂಗೈಕ್ಯ ಆದವರಿಗೆ ದೀಪದ ಹಂಗ್ಯಾಕ? ದವಾಖಾನಿಯಿಂದ ಬರೂ ದಿನ ಗಾಜಿನ ಮ್ಯಾಲ ಬೆಳಕ ಬಿದ್ದು ಅವರ ಮಾರೀನೇ ಕಾಣತಿದ್ದಿಲ್ಲ. ಮರುದಿನ ನೋಡಿದ್ರ ಇನ್ನಾ ದೊಡ್ಡ ದೀಪ ಹಚ್ಚಿದ್ದಿ. ನಿನ್ನ ಜೀವ ಹಂಗ ಅನ್ನತದೇನೋ, ನಿನಗ ಬ್ಯಾನಿ ಆಗಬಾರದು ಅಂತ ಸುಮ್ಮನಾದೆ.”

ಆಕೆ ಅವನ ಸಲುವಾಗಿ ಸಹಿಸಿದ್ದಳು, ಅವನು ಆಕೆಯ ಸಲುವಾಗಿ ಕಾಯ್ದಿದ್ದ. ಡ್ರೈವರ್ ಎದ್ದು ವೈರು ಕಿತ್ತೆಸೆಯಲು ಓಡಿದ. ಮಿಸ್ತ್ರಿ ಅವನ ಕೈ ಹಿಡಿದು ನಿಲ್ಲಿಸಿ, ತಮ್ಮ ಇಕ್ಕಳ ಅವನ ಅಂಗೈಯಲ್ಲಿಟ್ಟರು. ಎರಡೂ ವೈರು ನೀನೇ ಕತ್ತರಿಸಬೇಕು, ಸಾವಕಾಶ ಕತ್ತರಿಸಬೇಕು ಎಂದರು. “ಅವ್ವಾರ್ನ ಕಲ್ಲಿನ ಬುಡಕಿಂದ ತಗದಂವ ನೀನು. ಇದೊಂದ ತಾಮ್ರದ ಎಳಿ. ಕೈ ನಡುಗಿಸಬ್ಯಾಡ.” ಮಿಸ್ತ್ರಿಯ ಬಾಯಿಂದ ಇನ್ನೊಬ್ಬರ ಕೈಯ ಹೊಗಳಿಕೆ ಬಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ದೊಡ್ಡವ್ವನನ್ನು ದಿಂಬಿಟ್ಟು ಹಿಂದೆ ಕೂಡಿಸಿದೆವು. ಆಚೆ ಬದಿ ಅವಳ ಮಗ, ಈಚೆ ಬದಿ ನಾನು. ಕಾರು ತಗ್ಗಿತು. ಮಿಸ್ತ್ರಿ ಹೊರಗೆ ಕುಕ್ಕುರಗಾಲಲ್ಲಿ ಕೂತು ಬೆರಳು ಮಡಚುತ್ತ ಎಣಿಸಿದರು. ಏಳನೆಯ ಬೆರಳಿಗೆ ಅಡಿಯಲ್ಲಿ ಗುಂಯ್ ಎಂದಿತು, ಮೂವರನ್ನೂ ಹೊತ್ತ ಕಾರು ಕುಲುಕದೆ ಸಮನಾಗಿ ಮೇಲೆದ್ದಿತು. ಓಣಿಯ ಮಂದಿ ಹೋ ಎಂದರು. ದೊಡ್ಡವ್ವ ಮಾತ್ರ ಮುಂದಿನ ಫೋಟೋವನ್ನೇ ನೋಡುತ್ತಿದ್ದಳು. ಗಾಜಿನ ಮೇಲೆ ಯಾವ ಬೆಳಕೂ ಇರಲಿಲ್ಲ, ದೊಡ್ಡಪ್ಪ ನಿಚ್ಚಳವಾಗಿ ಕಾಣುತ್ತಿದ್ದರು.

ಮರುದಿನ ಬೆಳಿಗ್ಗೆ ಹೊರಟೆವು. ಮಗ ಅಂಗಡಿಗೆ ನಿಂತ. ದಾರಿಯಲ್ಲಿ ಏನಾದರೂ ಆದೀತೆಂದು ಮಿಸ್ತ್ರಿಯೂ ಮುಂದೆ ಕೂತರು. ಏನೂ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ದೇವಣಿ ದಾಟಿತು. ಜೀಪು ತಿರುಗಿಸಿದ ಜಾಗ ಯಾವುದೆಂದು ದೊಡ್ಡವ್ವ ಕೇಳುವುದರೊಳಗೆ ಅದೂ ಹಿಂದೆ ಬಿತ್ತು. ನಿಲಂಗಾದಲ್ಲಿ ಚಹಾ ಕುಡಿದು ಉಮರ್ಗಾದ ದಾರಿ ಹಿಡಿದೆವು. ಹೊಲದ ಗಾಡಿದಾರಿಗೆ ಇಳಿದಾಗಲೂ ಆಕೆ ನೋವೆಂದು ಅನ್ನಲಿಲ್ಲ.

ತೊಗರಿ ಹೊಲದ ಬದುವಿಗೆ ಒಂದು ಸಣ್ಣ ಕಟ್ಟೆ, ಮೇಲೆ ಲಿಂಗದ ಕಲ್ಲು. ದೊಡ್ಡವ್ವ ನನ್ನ, ಡ್ರೈವರನ ಹೆಗಲು ಹಿಡಿದು ನಡೆದು ಹೋಗಿ, ಕಟ್ಟೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತಳು. ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಗಂಟಿನಿಂದ ಮಣ್ಣಿನ ಪಣತಿ ತೆಗೆದು ಎಣ್ಣೆ ಹಾಕಿ, ಗಾಳಿಗೆ ಮರೆಯಾಗುವಂತೆ ಕಲ್ಲಿನ ಸಂದಿಯಲ್ಲಿಟ್ಟು ಹಚ್ಚಿದಳು. ಬಿಸಿಲೇರಿತು. ಹೊರಡುವ ಹೊತ್ತಾದಾಗ ಡ್ರೈವರ್ ಹತ್ತಿರ ಬಂದು, ಒಂದೊಂದೇ ಶಬ್ದ ಹೆಕ್ಕಿ ಕೇಳಿದ.

“ಆಯೀ, ದೀಪ ದೊಡ್ಡದ ಮಾಡಲೇನ್ರಿ?”

“ಬ್ಯಾಡಪಾ,” ಎಂದಳು ದೊಡ್ಡವ್ವ. “ಇವತ್ತ ಅದರಷ್ಟಕ್ಕ ಅದು ದೊಡ್ಡದಾಗಲಿ.”

ಹಾಗಾದರೆ ಕೂಡೋಣ ಎಂದು ಮೊದಲು ಮಣ್ಣಿನ ಮೇಲೆ ಕೂತವರು ಮಿಸ್ತ್ರಿ. ಎಣ್ಣೆ ತೀರುವವರೆಗೆ ನಾಲ್ವರೂ ಅಲ್ಲೇ ಕೂತೆವು.